ಆರನೇ ಹಾಸಿಗೆಯ ಸದ್ದು

ಡಾಕ್ಟರಾಗಲು ಓದುವ ಮಕ್ಕಳಿಗೆ ಬಿಳಿ ಕೋಟು ಹೊಲಿಯುವುದು ನನ್ನ ಕೆಲಸ. ಮೆಡಿಕಲ್ ಕಾಲೇಜಿನ ಹಿಂದಿನ ಗೇಟಿಗೆ ಎದುರಾಗಿಯೇ ಅಂಗಡಿ. ಮುಂದೆ ನನ್ನ ಮಿಷಿನ್ನು, ಪಕ್ಕದಲ್ಲಿ ನನ್ನ ತಮ್ಮನ ಇಸ್ತ್ರಿ ಮೇಜು, ಹಿಂದೆ ಬಟ್ಟೆಯ ರಾಶಿ. ವರ್ಷಕ್ಕೆ ಎರಡು ದಿನ ಮಾತ್ರ ನನಗೆ ಇನ್ನೊಂದು ಕೆಲಸ. ಆ ಎರಡು ದಿನ ನಾನೇ ಆ ಮಕ್ಕಳ ಪ್ರಶ್ನೆಪತ್ರಿಕೆ.

ಬಿಡಿಸಿ ಹೇಳುತ್ತೇನೆ. ಆರು ತಿಂಗಳಿಗೊಮ್ಮೆ ನಡೆಯುವ ಕೊನೆಯ ವರ್ಷದ ಪರೀಕ್ಷೆಯಲ್ಲಿ ಹುಡುಗರು ನಿಜವಾದ ರೋಗಿಯನ್ನು ಮುಟ್ಟಿ ನೋಡಿ, ಎದೆಗೆ ಸ್ಟೆತಾಸ್ಕೋಪ್ ಇಟ್ಟು, ಏನು ಕಾಯಿಲೆ ಎಂದು ಹೇಳಬೇಕು. ಅದಕ್ಕೆ ಒಳ್ಳೆಯ ರೋಗಿಗಳು ಬೇಕು. ಒಳ್ಳೆಯ ರೋಗಿ ಅಂದರೆ ಕಾಯಿಲೆ ಜೋರಾಗಿ ಇರಬೇಕು, ಆದರೆ ಪರೀಕ್ಷೆ ಮುಗಿಯುವ ತನಕ ಮನುಷ್ಯ ಬದುಕಿರಬೇಕು. ನಾನು ಅಂಥವಳು. ಹೃದಯದಿಂದ ರಕ್ತ ಹೊರಗೆ ಹೋಗುವ ಜಾಗದಲ್ಲಿ ಒಂದು ವಾಲ್ವ್ ಇರುತ್ತದಲ್ಲ, ಬಾಗಿಲು ಅಂದುಕೊಳ್ಳಿ, ನನ್ನದು ಕಿರಿದಾಗಿತ್ತು. ಕಿರಿದಾದ ಬಾಗಿಲಲ್ಲಿ ರಕ್ತ ನುಗ್ಗುವಾಗ ಸದ್ದು ಮಾಡುತ್ತದೆ. ಆ ಸದ್ದನ್ನು ಹಿಡಿದವನು ಪಾಸು, ಬಿಟ್ಟವನು ಫೇಲು. ಹನ್ನೊಂದು ವರ್ಷದಿಂದ ನನಗೆ ಆರನೇ ನಂಬರಿನ ಹಾಸಿಗೆ ಕಾಯಂ. ‘ಆರನೇ ಹಾಸಿಗೆ ಅಮ್ಮ’ ಅಂದರೆ ಆ ಕಾಲೇಜಿನಲ್ಲಿ ಗೊತ್ತಿಲ್ಲದವರಿಲ್ಲ. ನನಗೂ ಅದರ ಜಂಭ ಇತ್ತು, ಯಾಕೆ ಮುಚ್ಚಿಡಲಿ.

ಪ್ರತಿ ಹಾಸಿಗೆಯ ಬುಡದಲ್ಲೂ ಒಂದು ಲಕೋಟೆ ಇರುತ್ತದೆ. ಅದರೊಳಗೆ ಸರಿಯುತ್ತರದ ಕಾರ್ಡು. ನನ್ನ ಕಾರ್ಡನ್ನು ಹನ್ನೊಂದು ವರ್ಷದ ಹಿಂದೆ ಬರೆದವನು ಅಲ್ಲಿಯ ದೊಡ್ಡ ಪ್ರೊಫೆಸರ್. ಹುಡುಗರು ಅವನಿಗೆ ಇಟ್ಟ ಹೆಸರು ‘ಕಿವಿ ಸಾಹೇಬ’. ‘ನನ್ನ ಕಿವಿ ಇರೋವಾಗ ಮಿಷಿನ್ ಯಾಕ್ರೀ’ ಎಂದು ಹೋದಲ್ಲೆಲ್ಲ ಕೊಚ್ಚಿಕೊಳ್ಳುತ್ತಿದ್ದುದರಿಂದ ಆ ಹೆಸರು. ಮೊದಮೊದಲು ನಿಜವಾಗಿಯೂ ಕೂತು ಕೇಳುತ್ತಿದ್ದ. ‘ವಾಲ್ವ್ ಕಿರಿದಾಗಿದೆ, ಮಾಡರೇಟ್’ ಎಂದು ಬರೆದ. ಮಾಡರೇಟ್ ಅಂದರೆ ಮಧ್ಯಮ. ಕಾಯಿಲೆ ಇದೆ, ಸದ್ಯಕ್ಕೆ ಗಾಬರಿ ಬೇಡ. ಆಮೇಲಾಮೇಲೆ ಕೇಳುವುದನ್ನೇ ಬಿಟ್ಟ. ಹಳೆಯ ಕಾರ್ಡನ್ನು ನೋಡಿ ಗುಮಾಸ್ತ ಹೊಸ ಕಾರ್ಡು ಬರೆಯುವುದು, ಇವನು ಕೆಳಗೆ ಸಹಿ ಗೀಚುವುದು. ತಾರೀಕು ಮಾತ್ರ ಹೊಸದು. ನನ್ನ ಎದೆಗೆ ವಯಸ್ಸಾಗುತ್ತದೆ ಎಂಬುದು ಅಷ್ಟು ದೊಡ್ಡ ತಲೆಗೆ ಹೊಳೆಯಲೇ ಇಲ್ಲ.

ಹೋದ ಪರೀಕ್ಷೆಯಲ್ಲಿ, ಅಂದರೆ ಆರು ತಿಂಗಳ ಹಿಂದೆ, ಚೀಟಿ ಎತ್ತಿದಾಗ ಆರನೇ ಹಾಸಿಗೆ ಇಲಿಮರಿಗೆ ಬಂತು. ಆ ಹುಡುಗಿಗೆ ಆ ಹೆಸರಿಟ್ಟವಳು ನಾನೇ. ಮೊದಲ ವರ್ಷ ಕೋಟಿಗೆ ಅಳತೆ ಕೊಡಲು ಬಂದಾಗ ಎಷ್ಟು ಸಣ್ಣಗಿದ್ದಳೆಂದರೆ, ಇದ್ದುದರಲ್ಲೇ ಚಿಕ್ಕ ಅಳತೆಯನ್ನೂ ಭುಜದಲ್ಲಿ ಎರಡು ಬೆರಳು ಒಳಗೆ ಹಿಡಿಯಬೇಕಾಯಿತು. ಮಾತೂ ಕಡಿಮೆ. ಅಂಗಡಿಗೆ ಬಂದರೆ ಮೂಲೆಯ ಸ್ಟೂಲಿನಲ್ಲಿ ಕೂತು ಓದುತ್ತಿದ್ದಳು, ಹಾಸ್ಟೆಲಿನಲ್ಲಿ ಗಲಾಟೆಯಂತೆ. ನನ್ನ ಮಿಷಿನ್ನಿನ ಗಲಾಟೆ ಅವಳಿಗೆ ಗಲಾಟೆಯಲ್ಲ.

ಅವತ್ತು ಅವಳು ನನ್ನ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದಳು. ಕತ್ತಿನ ನಾಡಿಯ ಮೇಲೆ ಎರಡು ಬೆರಳಿಟ್ಟು, ಕಣ್ಣು ಮುಚ್ಚಿಕೊಂಡು, ಮತ್ತೆ ಕೇಳಿದಳು. ಬೇರೆ ಹುಡುಗರು ಹಾಗೆ ಮಾಡುವುದಿಲ್ಲ. ಸೀನಿಯರುಗಳು ‘ಆರನೇದು ಮಾಡರೇಟ್’ ಎಂದು ಮೊದಲೇ ಊದಿರುತ್ತಾರೆ. ಇವರು ಸುಮ್ಮನೆ ಇಟ್ಟ ಹಾಗೆ ಮಾಡಿ ಎತ್ತುತ್ತಾರೆ. ಇಲಿಮರಿ ಮಾತ್ರ ಕೇಳಿದಳು. ಕಿವಿ ಸಾಹೇಬ ಬಂದು ನಿಂತಾಗ ಹೇಳಿದಳು:

“ಸರ್, ಇದು ಸಿವಿಯರ್. ತುಂಬಾ ಕಿರಿದಾಗಿದೆ. ಕತ್ತಿನ ನಾಡಿ ನಿಧಾನಕ್ಕೆ ಏಳ್ತಾ ಇದೆ. ಎರಡನೇ ಬಡಿತ ಸರಿಯಾಗಿ ಕೇಳಿಸ್ತಿಲ್ಲ.”

“ಸದ್ದು ಎಷ್ಟು ಜೋರಾಗಿದೆ?”

“ಜೋರಾಗಿಲ್ಲ ಸರ್, ಮೆತ್ತಗಿದೆ. ಆದರೆ...”

“ಮೆತ್ತಗಿದೆ! ಮೆತ್ತಗಿರೋದು ಸಿವಿಯರ್ ಅಂತೆ!” ಎಂದು ಅವನು ಸುತ್ತ ನಿಂತವರ ಕಡೆ ತಿರುಗಿ ನಕ್ಕ. ಆಮೇಲೆ ನನ್ನನ್ನು ಕೇಳಿದ. “ಏನಮ್ಮಾ, ಸುಸ್ತು ಗಿಸ್ತು, ತಲೆಸುತ್ತು ಏನಾದ್ರೂ ಇದೆಯಾ?”

“ಏನೂ ಇಲ್ಲ ಸಾರ್, ಗುಂಡುಕಲ್ಲಿನ ಹಾಗಿದ್ದೀನಿ” ಅಂದೆ.

ಅವನು ಹುಡುಗಿಯ ಕತ್ತಿನಿಂದ ಸ್ಟೆತಾಸ್ಕೋಪನ್ನು ಎಳೆದು ನನ್ನ ಹೊಟ್ಟೆಯ ಮೇಲೆ ಇಟ್ಟ. “ತಗೊಳ್ಳಿ, ನೀವೇ ಇಟ್ಕೊಳ್ಳಿ. ನಿಮಗಾದ್ರೂ ಕೇಳಿಸುತ್ತೆ. ಇವಳ ಕಿವಿಗೆ ಬಟ್ಟೆ ತುರುಕಿದ್ದಾರೆ.” ಎಲ್ಲರೂ ನಕ್ಕರು. ನಾನೂ ನಕ್ಕೆ.

ಅದನ್ನು ಹೇಳದೆ ಮುಂದೆ ಹೋಗಲು ಆಗುವುದಿಲ್ಲ. ನಾನೂ ನಕ್ಕೆ. ಇಲಿಮರಿ ಹೊರಟುಹೋದಳು. ಫೇಲ್ ಆದಳು. ‘ಇನ್ನೊಂದೇ ಸಲ ನೋಡ್ತೀನಿ, ಆಮೇಲೆ ಗಂಟುಮೂಟೆ ಕಟ್ಕೊಂಡು ಮನೆಗೆ ಬಾ’ ಎಂದು ಅವಳ ಅಪ್ಪ ಹೇಳಿದನಂತೆ. ಆಮೇಲೆ ಅವಳು ಅಂಗಡಿಗೆ ಬರುವುದನ್ನೇ ಬಿಟ್ಟಳು.

ಏನೂ ಇಲ್ಲ ಅಂದೆನಲ್ಲ, ಅದು ಸುಳ್ಳು ಎಂದು ನನಗೇ ಗೊತ್ತಿರಲಿಲ್ಲ. ಮನುಷ್ಯ ತನಗೆ ತಾನೇ ಎಷ್ಟು ಚೆನ್ನಾಗಿ ಟೋಪಿ ಹಾಕಿಕೊಳ್ಳುತ್ತಾನೆ ನೋಡಿ. ಮೊದಲು ನಾನು ಮಹಡಿಯಲ್ಲಿ ಕತ್ತರಿಸಿ ಕೆಳಗೆ ಹೊಲಿಯುತ್ತಿದ್ದೆ. ಒಂದು ದಿನ ಕತ್ತರಿಸುವ ಮೇಜನ್ನು ಕೆಳಗೆ ತರಿಸಿದೆ, ‘ಮಂಡಿ ನೋವು’ ಅಂದೆ. ಬಟ್ಟೆಯ ಥಾನುಗಳನ್ನು ತಮ್ಮನ ಕೈಲಿ ಹೊರಿಸಿದೆ, ‘ನೀನು ಬರೀ ಕೂತು ತಿಂತೀಯ’ ಅಂದೆ. ದಿನಸಿ ಅಂಗಡಿಗೆ ಹೋಗುವಾಗ ಮಧ್ಯದಲ್ಲಿ ಎರಡು ಕಡೆ ನಿಂತು ಅವರಿವರನ್ನು ಮಾತಾಡಿಸುತ್ತಿದ್ದೆ, ಅದು ಸ್ನೇಹ ಅಂದುಕೊಂಡೆ. ಮೆಟ್ಟಿಲು ಹತ್ತದವಳಿಗೆ ಏದುಸಿರು ಎಲ್ಲಿಂದ ಬರಬೇಕು?

ಈ ಸಲದ ಪರೀಕ್ಷೆಗೆ ಎರಡು ವಾರ ಇದ್ದಾಗ ತಮ್ಮ ಎಲ್ಲೋ ಹೋಗಿದ್ದ. ಹೊಸದಾಗಿ ಬಂದ ಒಂದು ಥಾನನ್ನು ಮಹಡಿಗೆ ಸಾಗಿಸಬೇಕಾಗಿತ್ತು. ಹಾಳಾದವನು ಬರಲಿ ಎಂದು ಕಾಯದೆ ನಾನೇ ಅದನ್ನು ಹೊತ್ತು ಮೆಟ್ಟಿಲು ಹತ್ತಿದೆ. ಒಂಬತ್ತನೇ ಮೆಟ್ಟಿಲಿನವರೆಗೆ ನೆನಪಿದೆ. ಕಣ್ಣು ಬಿಟ್ಟಾಗ ಕೆಳಗೆ ಬಿದ್ದಿದ್ದೆ, ಥಾನು ಬಿಚ್ಚಿಕೊಂಡು ಮೈಮೇಲೆಲ್ಲ ಹರಡಿತ್ತು, ತಮ್ಮ ಬಾಯಿ ಬಡಿದುಕೊಳ್ಳುತ್ತಿದ್ದ. ಬಿಳಿ ಬಟ್ಟೆ ಮುಚ್ಚಿ ಮಲಗಿದ್ದ ಅಕ್ಕನನ್ನು ನೋಡಿ ಅವನು ಏನಂದುಕೊಂಡನೋ, ಪಾಪ. ಎದ್ದ ಕೂಡಲೇ ಬೈದೆ, ಆಗ ಸಮಾಧಾನವಾಯಿತು ಅವನಿಗೆ.

ನಾಲ್ಕು ದಿನ ಕಾಡಿ ಬೇಡಿ ಅವನು ನನ್ನನ್ನು ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿರುವ ಒಂದು ಸಣ್ಣ ಎಕೋ ಸೆಂಟರಿಗೆ ಕರೆದುಕೊಂಡು ಹೋದ. ಎಕೋ ಅಂದರೆ ಎದೆಯ ಮೇಲೆ ತಣ್ಣನೆಯ ಅಂಟು ಹಚ್ಚಿ, ಒಂದು ಸಣ್ಣ ಹಿಡಿಕೆಯನ್ನು ಅಲ್ಲಲ್ಲಿ ಒತ್ತಿ, ಹೃದಯವನ್ನು ಪರದೆಯ ಮೇಲೆ ನೋಡುವುದು. ಅಲ್ಲಿದ್ದ ಡಾಕ್ಟರಮ್ಮ ನಲವತ್ತರ ಹೆಂಗಸು. ಎಡಗಡೆಯಿಂದ ನೋಡಿದಳು, ಕತ್ತಿನ ಗುಳಿಯಿಂದ ನೋಡಿದಳು, ಬಲಗಡೆಗೆ ಮಗ್ಗುಲಾಗಿಸಿ ಮತ್ತೆ ನೋಡಿದಳು. ಪರದೆಯ ಮೇಲೆ ಬೆಟ್ಟದ ಸಾಲು ಎದ್ದ ಹಾಗೆ ಗೆರೆಗಳು ಎದ್ದವು. ಅವಳ ಮುಖ ಸಣ್ಣಗಾಯಿತು.

“ಅಮ್ಮಾ, ಇದುವರೆಗೂ ಯಾರೂ ಹೇಳಿಲ್ವಾ ನಿಮಗೆ?”

“ಮಾಡರೇಟ್ ಅಂತ ಹೇಳಿದ್ದಾರೆ.”

“ಯಾರು ಹೇಳಿದ್ದು?” ಎಂದು ಅವಳು ಪರದೆಯನ್ನು ನನ್ನ ಕಡೆ ತಿರುಗಿಸಿದಳು. “ನೋಡಿ, ಈ ಬಾಗಿಲು ಮೂರು ಚದರ ಸೆಂಟಿಮೀಟರ್ ಆದ್ರೂ ತೆರೀಬೇಕು. ಒಂದಕ್ಕಿಂತ ಕಡಿಮೆ ಆದ್ರೆ ಸಿವಿಯರ್. ನಿಮ್ಮದು ಮುಕ್ಕಾಲೂ ಇಲ್ಲ.”

ನನ್ನ ಕೋಟುಗಳಲ್ಲಿ ಗುಂಡಿ ತೂರುವ ಕಾಜಾ ಇದಕ್ಕಿಂತ ದೊಡ್ಡದು ಅಂದುಕೊಂಡೆ. “ಆದರೆ ಸದ್ದು ಮೆತ್ತಗಿದೆಯಲ್ಲಮ್ಮ?”

“ಮೆತ್ತಗಾಗಿದ್ದೇ ಕೆಟ್ಟದ್ದು. ಹೃದಯಕ್ಕೆ ತಳ್ಳೋ ಶಕ್ತಿ ಕಡಿಮೆ ಆಗ್ತಾ ಬಂದಿದೆ, ಅದಕ್ಕೇ ಸದ್ದೂ ಕಡಿಮೆ. ಸದ್ದು ಎಷ್ಟಿದೆ ಅಂತ ನೋಡಿ ಕಾಯಿಲೆ ಅಳೆಯೋಕಾಗಲ್ಲ. ಕತ್ತಿನ ನಾಡಿ ಹೇಗೆ ಏಳುತ್ತೆ, ಎರಡನೇ ಬಡಿತ ಇದೆಯಾ ಇಲ್ವಾ, ಅದನ್ನ ನೋಡಬೇಕು. ಕಿವಿ ಇಟ್ಟು ಕೇಳಿದವರಿಗೆ ಗೊತ್ತಾಗಲೇಬೇಕು ಇದು.”

ಇಲಿಮರಿ ಹೇಳಿದ್ದು ಅಕ್ಷರ ಅಕ್ಷರ ಇದೇ. ಎದೆ ಧಸಕ್ಕೆಂದಿತು. ಸಾಯುತ್ತೇನೆ ಎಂಬ ಭಯಕ್ಕಲ್ಲ. ಆ ಮಗು ಸರಿಯಾಗಿ ಹೇಳಿತ್ತು, ಹೇಳಿದ್ದಕ್ಕೇ ಅದರ ಕತ್ತಿನಿಂದ ಸ್ಟೆತಾಸ್ಕೋಪ್ ಕಿತ್ತರು, ಅದು ಉಳಿಸಲು ನೋಡಿದ್ದು ನನ್ನ ಜೀವವನ್ನು, ಮತ್ತು ನಾನು ಹಲ್ಲು ಕಿಸಿದಿದ್ದೆ. ಮೈಯೆಲ್ಲ ಉರಿದುಹೋಯಿತು.

“ಇವತ್ತೇ ಅಡ್ಮಿಟ್ ಆಗಿ. ವಾಲ್ವ್ ಬದಲಾಯಿಸಬೇಕು. ಪ್ರಜ್ಞೆ ತಪ್ಪಿ ಬೀಳೋಕೆ ಶುರುವಾದ ಮೇಲೆ ತಡ ಮಾಡಬಾರದು.”

“ಹತ್ತು ದಿನ ಬಿಟ್ಟು ಆಗ್ತೀನಿ.”

“ಹತ್ತು ದಿನ ಇರ್ತೀರಿ ಅಂತ ನಾನು ಹೇಳಲ್ಲ” ಎಂದು ಅವಳು ರಿಪೋರ್ಟಿನ ಮೇಲೆ ಕೆಂಪು ಗೆರೆ ಎಳೆದಳು. ಭಾರ ಎತ್ತಬೇಡಿ, ಮೆಟ್ಟಿಲು ಹತ್ತಬೇಡಿ, ಸಿಟ್ಟು ಮಾಡಿಕೊಳ್ಳಬೇಡಿ ಅಂದಳು. ಮೊದಲೆರಡಕ್ಕೆ ತಲೆಯಾಡಿಸಿದೆ.

ದಾರಿಯುದ್ದಕ್ಕೂ ತಮ್ಮ ನನ್ನ ಜೊತೆ ಜಗಳವಾಡಿದ. “ಅಕ್ಕಾ, ನಿನಗೇನು ತಲೆ ಕೆಟ್ಟಿದೆಯಾ? ಹತ್ತು ದಿನದಲ್ಲಿ ಏನು ಕಡಿದು ಕಟ್ಟೆ ಹಾಕ್ತೀಯಾ?”

“ಹತ್ತನೇ ದಿನ ಪರೀಕ್ಷೆ ಇದೆ. ಹೊರಗಿಂದ ಬೇರೆ ಕಾಲೇಜಿನ ಪರೀಕ್ಷಕರು ಬರ್ತಾರೆ. ಅವರ ಎದುರಿಗೆ ಆ ಕಿವಿ ಸಾಹೇಬ ಲಕೋಟೆ ತೆಗೆದು ಮಾಡರೇಟ್ ಅಂತ ಓದಬೇಕು. ಆಗ ನಾನು ಈ ರಿಪೋರ್ಟ್ ತೆಗೆದು ಅವನ ಮೂತಿಗೆ ಹಿಡೀಬೇಕು.”

“ಈಗಲೇ ಹೋಗಿ ಹಿಡಿ.”

“ಈಗ ಹಿಡಿದರೆ ರೂಮಿಗೆ ಕರೆದು ಕೂರಿಸಿ, ಬಾಗಿಲು ಹಾಕಿ, ಹೊಸ ಕಾರ್ಡು ಬರೆದುಬಿಡ್ತಾನೆ. ಆ ಹುಡುಗಿಗೆ ಎಲ್ಲರ ಎದುರಿಗೆ ಮಾಡಿದ್ದಲ್ಲವಾ? ಎಲ್ಲರ ಎದುರಿಗೇ ಆಗಬೇಕು.”

“ಮಧ್ಯದಲ್ಲಿ ಸತ್ತುಹೋದ್ರೆ?”

“ಸತ್ತರೆ ರಿಪೋರ್ಟ್ ನೀನು ತಗೊಂಡು ಹೋಗು. ಅಷ್ಟಾದ್ರೂ ಕೆಲಸ ಮಾಡು ಜೀವನದಲ್ಲಿ.”

ಆ ಹತ್ತು ದಿನ ಅವನೇ ಅಡುಗೆ ಮಾಡಿದ, ಅವನೇ ಬಕೆಟ್ ಎತ್ತಿದ, ನಾನು ಸ್ನಾನಕ್ಕೆ ಹೋದರೆ ಬಾಗಿಲ ಹೊರಗೆ ನಿಂತು ‘ಅಕ್ಕಾ, ಇದ್ದೀಯಾ?’ ಎಂದು ಕೂಗುತ್ತಿದ್ದ. ‘ಇದ್ದೀನೋ, ನಿನ್ನ ತಲೆ ತಿನ್ನೋಕೆ’ ಅನ್ನುತ್ತಿದ್ದೆ. ಆದರೆ ಒಂದು ನಿಜ ಹೇಳಬೇಕು. ಸೂಜಿಗೆ ದಾರ ಪೋಣಿಸುವಾಗ, ಕೋಟಿನ ಜೇಬು ಕೂರಿಸುವಾಗ, ಕಿವಿ ಸಾಹೇಬನ ಬಾಯಿ ಒಣಗಿದ ಮುಖವನ್ನು ಮನಸ್ಸಿನಲ್ಲಿ ನೋಡಿ ನೋಡಿ ನಾನು ಖುಷಿಪಡುತ್ತಿದ್ದೆ. ಆ ಖುಷಿಯೇ ನನ್ನನ್ನು ಹತ್ತು ದಿನ ನಡೆಸಿತು ಎಂದು ಈಗಲೂ ನಂಬಿದ್ದೇನೆ. ಇಲಿಮರಿಗೆ ಮಾತ್ರ ಏನೂ ಹೇಳಿ ಕಳಿಸಲಿಲ್ಲ. ಪರೀಕ್ಷೆಗೆ ಮುಂಚೆ ಉತ್ತರ ಹೇಳಿಕೊಟ್ಟೆ ಎಂಬ ಮಾತು ಬರಬಾರದು. ಚೀಟಿಯಲ್ಲಿ ಯಾರು ಬಂದರೂ ನನಗೆ ನಡೆಯುತ್ತಿತ್ತು. ನನಗೆ ಬೇಕಾಗಿದ್ದದ್ದು ಅವನು ಮತ್ತು ಅವನ ಲಕೋಟೆ.

ಪರೀಕ್ಷೆಯ ದಿನ ಬೆಳಗ್ಗೆ ಲಿಫ್ಟಿನಲ್ಲಿ ಹೋಗಿ ಮಲಗಿದೆ. ರಿಪೋರ್ಟು ದಿಂಬಿನ ಕೆಳಗೆ. ವಾರ್ಡಿನ ಸಿಸ್ಟರ್ ಬಂದು, “ಏನು ಆರನೇ ಹಾಸಿಗೆ ಅಮ್ಮ, ಬಿಳಿಚಿಕೊಂಡಿದ್ದೀರಲ್ಲ?” ಎಂದು ಕೇಳಿದಳು. ಪೌಡರ್ ಜಾಸ್ತಿ ಆಯಿತು ಅಂದೆ. ಚೀಟಿ ಎತ್ತುವುದು ಮುಗಿಯಿತು. ಪರದೆ ಸರಿಸಿಕೊಂಡು ಒಳಗೆ ಬಂದವಳು ಇಲಿಮರಿ.

ಅವಳೂ ನನ್ನನ್ನು ನೋಡಿ ಒಂದು ಕ್ಷಣ ನಿಂತಳು. ಇನ್ನೂ ಇಳಿದುಹೋಗಿದ್ದಳು. ನಾನು ಹೊಲಿದ ಕೋಟೇ, ಈಗ ಅದೂ ದೊಗಲೆ. ನಿಯಮದ ಪ್ರಕಾರ ಅಪರಿಚಿತಳ ಹಾಗೆ ನನ್ನ ವಯಸ್ಸು, ಕೆಲಸ ಎಲ್ಲ ಕೇಳಿ ಬರೆದುಕೊಂಡಳು. ಆಮೇಲೆ ಕೇಳಿದಳು: “ಮೆಟ್ಟಿಲು ಹತ್ತುವಾಗ ತೊಂದರೆ ಏನಾದ್ರೂ?”

“ಎರಡು ವಾರದ ಹಿಂದೆ ಮೆಟ್ಟಿಲ ಮೇಲೆ ಪ್ರಜ್ಞೆ ತಪ್ಪಿ ಬಿದ್ದೆ” ಅಂದೆ. ಅವಳ ಪೆನ್ನು ನಿಂತಿತು.

ಅವಳು ಎದೆಗೆ ಸ್ಟೆತಾಸ್ಕೋಪ್ ಇಟ್ಟಳು. ಕತ್ತಿಗೆ ಬೆರಳಿಟ್ಟಳು. ಹೋದ ಸಲದ ಹಾಗೇ ಬಹಳ ಹೊತ್ತು ಕೇಳಿದಳು. ಅವಳ ಕಣ್ಣು ತುಂಬಿತ್ತು. ಅವಳಿಗೆ ಗೊತ್ತಾಯಿತು ಎಂದು ನನಗೆ ಗೊತ್ತಾಯಿತು. ಒಳಗೊಳಗೇ ಕುಣಿದೆ. ಹೇಳು ಮಗಳೇ, ಈ ಸಲ ಹೇಳು, ನಾನಿದ್ದೇನೆ ನಿನ್ನ ಹಿಂದೆ, ದಿಂಬಿನ ಕೆಳಗೆ ಬಾಂಬ್ ಇದೆ.

ಕಿವಿ ಸಾಹೇಬ ಬಂದ. ಜೊತೆಗೆ ಹೊರಗಿನ ಪರೀಕ್ಷಕಿ, ತಲೆ ಪೂರ್ತಿ ನರೆತ, ಮಾತು ಕಡಿಮೆಯ ಹೆಂಗಸು. ಅವನು ಹುಡುಗಿಯನ್ನು ಗುರುತು ಹಿಡಿದು ಹಲ್ಲು ಬಿಟ್ಟ. “ಓಹೋ, ಮತ್ತೆ ಇದೇ ಹಾಸಿಗೆಯಾ? ಈ ಸಲ ಕಿವಿ ಕ್ಲೀನ್ ಮಾಡಿಸ್ಕೊಂಡು ಬಂದಿದ್ದೀಯೇನಮ್ಮ? ಹೇಳು.”

ಇಲಿಮರಿ ಕಾಗದ ನೋಡಿಕೊಂಡು ಹೇಳಿದಳು: “ವಾಲ್ವ್ ಕಿರಿದಾಗಿದೆ ಸರ್. ರೋಗಿಗೆ ಯಾವ ತೊಂದರೆಯೂ ಇಲ್ಲ. ಮಾಡರೇಟ್.”

ನನಗೆ ಮೊದಲು ಅರ್ಥವೇ ಆಗಲಿಲ್ಲ. ಅವಳ ಮುಖ ನೋಡಿದೆ. ಅವಳು ನೆಲ ನೋಡುತ್ತಿದ್ದಳು. ನಾನು ಬಿದ್ದೆ ಎಂದು ಹೇಳಿದ್ದನ್ನು ಅವಳು ಬರೆದೇ ಇರಲಿಲ್ಲ. ಕಿವಿ ಸಾಹೇಬ ಲಕೋಟೆ ಹರಿದು ಕಾರ್ಡು ತೆಗೆದು, “ನೋಡಿ ಮೇಡಂ, ಸರಿಯಾಗಿದೆ” ಎಂದು ಬೀಗಿದ. ಆಮೇಲೆ ಅಭ್ಯಾಸದಂತೆ ನನ್ನ ಕಡೆ ತಿರುಗಿದ. “ಏನಮ್ಮಾ, ಸುಸ್ತು, ತಲೆಸುತ್ತು, ಬೀಳೋದು ಏನೂ ಇಲ್ಲ ತಾನೆ?”

ಹತ್ತು ದಿನ ಕಾದದ್ದು ಈ ಪ್ರಶ್ನೆಗೆ. ಇದೆ ಅಂದರೆ ಅವನು ಮುಗಿದ. ಆದರೆ ಅವನಿಗಿಂತ ಮೊದಲು ಹುಡುಗಿ ಮುಗಿದಳು. ರೋಗಿ ಹೇಳಿದ್ದನ್ನು ಮುಚ್ಚಿಟ್ಟವಳು ಎಂದು ಬರೆದು ಮನೆಗೆ ಕಳಿಸುತ್ತಾರೆ. ಇಲಿಮರಿ ಈಗ ನನ್ನನ್ನು ನೋಡಿದಳು. ಬೇಡ ಎನ್ನುವ ನೋಟ. ಅವಳ ಮೇಲೂ ನನಗೆ ಸಿಟ್ಟು ಬಂತು. ನಾನು ಸಾಯಲು ಬಿದ್ದಿದ್ದೇನೆ, ನಿನಗೆ ಗೊತ್ತಿದೆ, ಆದರೂ!

“ಏನೂ ಇಲ್ಲ ಸಾರ್” ಅಂದೆ. ಹಲ್ಲು ಕಚ್ಚಿಕೊಂಡು ಅಂದೆ.

ಇಬ್ಬರೂ ಅಂಕ ಬರೆದರು, ಸಹಿ ಹಾಕಿದರು. ಇಲಿಮರಿ ಕಾಗದ ಎತ್ತಿಕೊಂಡು ಹೊರಟಳು. ಅವಳು ಬಾಗಿಲು ದಾಟುವ ತನಕ ಕಾದೆ. ಅಷ್ಟೇ ದಯೆ ಉಳಿದಿತ್ತು ನನ್ನಲ್ಲಿ. ಕಿವಿ ಸಾಹೇಬ ಏಳನೇ ಹಾಸಿಗೆಯ ಕಡೆ ಕಾಲು ತೆಗೆದ ಕೂಡಲೇ, “ಮೇಡಂ” ಎಂದು ಪರೀಕ್ಷಕಿಯ ತೋಳು ಹಿಡಿದೆ. “ಒಂದ್ಸಲ ನೀವು ಕೇಳಿ ನನ್ನ ಎದೆ. ಹುಡುಗರಿಗೆ ಕೇಳಿಸಿದ್ದು ಸಾಕು.”

ಆಕೆ ಸ್ಟೆತಾಸ್ಕೋಪ್ ಇಟ್ಟರು. ಕತ್ತಿಗೆ ಬೆರಳಿಟ್ಟರು. ಕಣ್ಣು ಮುಚ್ಚಿದರು. ಅರ್ಧ ನಿಮಿಷ ಕಳೆದ ಮೇಲೆ, ಕಣ್ಣು ಬಿಡದೆಯೇ ಕೇಳಿದರು: “ಸರ್, ನೀವು ಇವರ ಎದೆ ಕೊನೇ ಸಲ ಕೇಳಿದ್ದು ಯಾವಾಗ?”

“ಹನ್ನೊಂದು ವರ್ಷದಿಂದ ಕೇಳ್ತಾ ಇದ್ದೀನಿ ಮೇಡಂ.”

“ಕೊನೇ ಸಲ ಅಂದೆ.”

ಆಕೆ ತಮ್ಮ ಸ್ಟೆತಾಸ್ಕೋಪ್ ಬಿಚ್ಚಿ ಅವನ ಕಡೆ ಚಾಚಿದರು. “ಈಗ ಕೇಳಿ.”

“ಏನು ಮೇಡಂ ಇದು, ಸ್ಟೂಡೆಂಟ್ಸ್ ಎದುರಿಗೆ. ನನ್ನ ಕಾರ್ಡ್ ಇದೆಯಲ್ಲ, ನಾನು ಹೊಸದಾಗಿ ಕೇಳಬೇಕಾಗಿಲ್ಲ” ಎಂದು ಕೈ ಹಿಂದಕ್ಕೆ ಎಳೆದುಕೊಂಡ. ಜಂಭಕ್ಕೆ ಕೇಳಲಿಲ್ಲ. ಅದು ಅವನು ಮಾಡಿದ ದೊಡ್ಡ ಎಡವಟ್ಟು.

ನಾನು ದಿಂಬಿನ ಕೆಳಗಿನಿಂದ ರಿಪೋರ್ಟು ತೆಗೆದೆ. ಅವನ ಕೈಗೆ ಕೊಡಲಿಲ್ಲ, ಪರೀಕ್ಷಕಿಯ ಕೈಗೆ ಕೊಟ್ಟೆ. “ಕೆಂಪು ಗೆರೆ ಹಾಕಿರೋದನ್ನ ಜೋರಾಗಿ ಓದಿ ಮೇಡಂ. ಏಳನೇ ಹಾಸಿಗೆವರೆಗೂ ಕೇಳಿಸಲಿ.”

ಆಕೆ ಜೋರಾಗಿ ಓದಲಿಲ್ಲ. ಆದರೆ ಓದಿದರು. ಪಕ್ಕದ ಹಾಸಿಗೆಗಳವರೂ ಕತ್ತು ಚಾಚಿದ್ದರು, ಎಲ್ಲರಿಗೂ ಕೇಳಿಸಿತು. ಕಿವಿ ಸಾಹೇಬನ ಮುಖದಿಂದ ಬಣ್ಣ ಇಳಿಯುವುದನ್ನು ನಾನು ಕಣ್ಣು ಮಿಟುಕಿಸದೆ ನೋಡಿದೆ. ಮನಸ್ಸಿನಲ್ಲಿ ಹತ್ತು ದಿನ ನೋಡಿದ್ದಕ್ಕಿಂತ ಚೆನ್ನಾಗಿತ್ತು. ಹೊಟ್ಟೆ ತಣ್ಣಗಾಯಿತು.

ಆಗ ಆ ಮಹಾಶಯ ಸಿಕ್ಕಿದ ಹುಲ್ಲುಕಡ್ಡಿ ಹಿಡಿದ. “ಈಗ ಬಂದ ಕ್ಯಾಂಡಿಡೇಟ್ ಕೂಡ ಮಾಡರೇಟ್ ಅಂತಲೇ ಹೇಳಿದಳಲ್ಲ ಮೇಡಂ! ನಾನೊಬ್ಬನೇ ಅಲ್ಲ!”

ಪರೀಕ್ಷಕಿ ಸಿಸ್ಟರ್ ಕಡೆ ತಿರುಗಿದರು. “ಆ ಹುಡುಗೀನ ವಾಪಸ್ ಕರೀರಿ.”

ನಾನು ಬಿಸಾಕಿದ ಕಲ್ಲು ಹೋಗಿ ಯಾರ ತಲೆಗೆ ಬೀಳುತ್ತಿದೆ ಎಂದು ಆಗ ಹೊಳೆಯಿತು. “ಬೇಡ ಮೇಡಂ, ಅವಳ ತಪ್ಪಿಲ್ಲ, ನಾನೇ ಅವಳಿಗೆ ಏನೂ ಹೇಳಲಿಲ್ಲ” ಎಂದು ಏಳಲು ಹೋದೆ. ಕಣ್ಣು ಕತ್ತಲಿಟ್ಟಿತು, ಮತ್ತೆ ದಿಂಬಿಗೆ ಬಿದ್ದೆ. ಇಲಿಮರಿ ಬಂದು ಹಾಸಿಗೆಯ ಬುಡದಲ್ಲಿ ನಿಂತಳು.

ಪರೀಕ್ಷಕಿ ಲಕೋಟೆಯ ಕಾರ್ಡನ್ನು ಎರಡು ತುಂಡು ಮಾಡಿ ಜೇಬಿಗೆ ಹಾಕಿಕೊಂಡರು. “ಈಗ ಕಾರ್ಡಿಲ್ಲ. ಇನ್ನೊಂದ್ಸಲ ಕೇಳಮ್ಮ. ಏನು ಕೇಳಿಸುತ್ತೋ ಅಷ್ಟು ಮಾತ್ರ ಹೇಳು.”

ಹುಡುಗಿ ಬಗ್ಗಲಿಲ್ಲ, ಸ್ಟೆತಾಸ್ಕೋಪ್ ಎತ್ತಲೂ ಇಲ್ಲ. “ಕೇಳೋದು ಬೇಕಾಗಿಲ್ಲ ಮೇಡಂ. ಸಿವಿಯರ್. ನಾಡಿ ನಿಧಾನಕ್ಕೆ ಏಳ್ತಿದೆ, ಎರಡನೇ ಬಡಿತ ಈಗ ಪೂರ್ತಿ ಹೋಗಿದೆ, ಸದ್ದಿನ ಜೋರೆಲ್ಲ ಕೊನೆಗೆ ಬರ್ತಾ ಇದೆ. ಎರಡು ವಾರದ ಹಿಂದೆ ಮೆಟ್ಟಿಲ ಮೇಲೆ ಪ್ರಜ್ಞೆ ತಪ್ಪಿ ಬಿದ್ದಿದ್ದಾರೆ. ನನಗೆ ಹೇಳಿದ್ರು. ನಾನು ಬರೀಲಿಲ್ಲ.”

“ಗೊತ್ತಿದ್ದೂ ಯಾಕೆ ಮಾಡರೇಟ್ ಅಂದೆ?”

ಅವಳು ಕಿವಿ ಸಾಹೇಬನ ಮುಖಕ್ಕೆ ಮುಖ ಕೊಟ್ಟು ನಿಂತಳು. ಅವಳ ಧ್ವನಿ ಅಷ್ಟು ಗಟ್ಟಿ ಇದೆ ಎಂದು ನನಗೂ ಗೊತ್ತಿರಲಿಲ್ಲ.

“ಹೋದ ಸಲ ಇದೇ ಹಾಸಿಗೆ ಹತ್ತಿರ ನಿಂತು ನಿಜ ಹೇಳಿದ್ದೆ ಮೇಡಂ. ಸರ್ ಫೇಲ್ ಮಾಡಿದ್ರು.”

ರಿಪೋರ್ಟ್ ಅವನ ಬಣ್ಣ ಇಳಿಸಿತ್ತು. ಈ ಮಾತು ಅವನನ್ನೇ ಇಳಿಸಿತು. ಹತ್ತಿರದ ಸ್ಟೂಲ್ ಎಳೆದುಕೊಂಡು ಕೂತುಬಿಟ್ಟ. ನಾನು ಹತ್ತು ದಿನ ಸಾವಿನ ಜೊತೆ ಹಗ್ಗ ಜಗ್ಗಾಡಿ ಮಾಡಲು ಹೊರಟಿದ್ದನ್ನು ಈ ಇಲಿಮರಿ ಒಂದೇ ಉಸಿರಿನಲ್ಲಿ ಮಾಡಿತು.

ಅವತ್ತೇ ನನ್ನನ್ನು ಅಡ್ಮಿಟ್ ಮಾಡಿದರು. ಪರೀಕ್ಷಕಿ ಅವನ ಮೇಲೆ ಏನು ಬರೆದರೋ ನನಗೆ ಗೊತ್ತಿಲ್ಲ. ಮಾರನೇ ದಿನದ ಪರೀಕ್ಷೆಗೆ ಅವನು ಬರಲಿಲ್ಲ, ಬೇರೆಯವರು ಬಂದರು. ತಪ್ಪು ಕಾರ್ಡಿನ ಮೇಲೆ ಕೊಟ್ಟ ಅಂಕ ನಡೆಯುವುದಿಲ್ಲ ಎಂದು ಇಲಿಮರಿಗೆ ಬೇರೆ ರೋಗಿಯನ್ನು ಕೊಟ್ಟರು. ಒಬ್ಬ ಮುದುಕನ ಶ್ವಾಸಕೋಶ. ಪಾಸಾದಳು. ಆದರೆ ಪರೀಕ್ಷಕಿ ಅವಳನ್ನು ಕಾರಿಡಾರಿನಲ್ಲಿ ನಿಲ್ಲಿಸಿ ಹದಿನೈದು ನಿಮಿಷ ಬೆವರಿಳಿಸಿದರಂತೆ. ಒಳ್ಳೆಯದಾಯಿತು. ಇಲ್ಲದಿದ್ದರೆ ಆ ಕೆಲಸ ನಾನು ಮಾಡಬೇಕಾಗುತ್ತಿತ್ತು, ನನಗೆ ಉಸಿರಿರಲಿಲ್ಲ.

ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ ಸಿಸ್ಟರ್ ಬಂದು, “ಅಮ್ಮಾ, ಸ್ಟೂಡೆಂಟ್ಸ್ ಬರಬಹುದಾ? ನಾಳೆ ಹೊಸ ವಾಲ್ವ್ ಹಾಕಿದ ಮೇಲೆ ಈ ಸದ್ದು ಇರಲ್ಲ. ಕೊನೇ ಸಲ ಕೇಳ್ತಾರಂತೆ” ಅಂದಳು. ಬರಲಿ ಅಂದೆ. ವಾರ್ಡಿನ ಬಾಗಿಲಿನಿಂದ ಆಚೆಗೂ ಸಾಲು ನಿಂತಿತು. ಎಲ್ಲರ ಮೈಮೇಲೂ ನಾನು ಹೊಲಿದ ಕೋಟುಗಳೇ.

ಸಾಲಿನಲ್ಲಿ ಮೊದಲು ಇಲಿಮರಿ. “ನಿನಗಿನ್ನೂ ಮಾಫಿ ಇಲ್ಲ, ತಿಳ್ಕೋ” ಅಂದೆ. “ಗೊತ್ತು” ಅಂದಳು. ಕೇಳಿದಳು, ಅತ್ತಳು. ಕೋಟಿನ ತೋಳಿಗೆ ಮೂಗು ಒರೆಸಬೇಡ, ಕಲೆ ಹೋಗಲ್ಲ ಎಂದು ಗದರಿಸಿ ಕಳಿಸಿದೆ. ಆಮೇಲೆ ಒಬ್ಬೊಬ್ಬರಾಗಿ ಬಂದರು. ಎಲ್ಲರೂ ಕತ್ತಿಗೆ ಬೆರಳಿಟ್ಟರು. ಯಾರೂ ಅವಸರ ಮಾಡಲಿಲ್ಲ. ನನಗೆ ಸುಸ್ತಾಗುತ್ತಿತ್ತು, ಆದರೂ ಯಾರನ್ನೂ ವಾಪಸ್ ಕಳಿಸಲಿಲ್ಲ.

ಸಾಲು ಕರಗಿದ ಮೇಲೆ ಕೊನೆಯಲ್ಲಿ ನಿಂತಿದ್ದವನು ಕಾಣಿಸಿದ. ಕಿವಿ ಸಾಹೇಬ. ಹುಡುಗರ ಹಿಂದೆ, ಹುಡುಗರ ಹಾಗೆ, ಕೈಯಲ್ಲಿ ಸ್ಟೆತಾಸ್ಕೋಪ್ ಹಿಡಿದುಕೊಂಡು ಸರದಿಗೆ ಕಾದಿದ್ದ. ಹತ್ತಿರ ಬಂದು ತಲೆ ತಗ್ಗಿಸಿದ.

“ನನ್ನಿಂದ ತಪ್ಪಾಯ್ತಮ್ಮ. ಒಂದೇ ನಿಮಿಷ ಕೇಳ್ತೀನಿ. ನಾನು ಕೇಳದೇ ಬಿಟ್ಟಿದ್ದು ಏನು ಅಂತ ನನಗೆ ಗೊತ್ತಾಗಬೇಕು. ನಾಳೆ ಆದಮೇಲೆ ಇದು ಸಿಗಲ್ಲ.”

“ಸಿಗಲ್ಲ ಸಾರ್.”

“ಅದಕ್ಕೇ ಕೇಳ್ತಾ ಇದ್ದೀನಿ.”

“ಅದಕ್ಕೇ ಕೊಡಲ್ಲ” ಎಂದು ನಾನು ಅಂಗಿಯ ಗುಂಡಿಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಹಾಕಿಕೊಂಡೆ. ಒಂದು ಗುಂಡಿಗೆ ಎರಡು ಸಲ ಒದ್ದಾಡಬೇಕಾಯಿತು. ಅವನು ಅಲ್ಲೇ ನಿಂತು ನೋಡುತ್ತಿದ್ದ. ಕತ್ತಿನ ಗುಂಡಿಯನ್ನೂ ಹಾಕಿಕೊಂಡು, ಹೊದಿಕೆ ಎಳೆದುಕೊಂಡು, ಗೋಡೆಯ ಕಡೆ ತಿರುಗಿ ಮಲಗಿದೆ.